ಟೊಕೊನ್ಸೆಯ ನೀರು ಕುಡಿದ ಊರು

ದಕ್ಷಿಣ ಅಮೆರಿಕದ ನಕ್ಷೆಯಲ್ಲಿ ಪಶ್ಚಿಮದ ಅಂಚಿಗೆ ಪಡವಲಕಾಯಿಯಂತೆ ಉದ್ದಕ್ಕೆ ಜೋತುಬಿದ್ದಿರುವ ದೇಶ ಚಿಲಿ. ಅದರ ಉತ್ತರ ಭಾಗದಲ್ಲಿ, ಮಕರ ಸಂಕ್ರಾಂತಿ ವೃತ್ತದಿಂದ ತುಸು ಕೆಳಗೆ, ಪೆಸಿಫಿಕ್ ಸಾಗರದ ದಂಡೆಯ ಮೇಲೆ ಆಂಟೊಫಾಗಾಸ್ಟಾ ಎಂಬ ಬಂದರು ನಗರವಿದೆ. ಸುಮಾರು 4 ಲಕ್ಷ ಜನರ ಊರು. ಇಲ್ಲಿಗೆ ಬಂದವರಿಗೆ ಮೊದಲು ಕಾಣುವುದು ನೀರೇ. ಎದುರಿಗೆ ಕಣ್ಣು ಹಾಯುವಷ್ಟು ದೂರ ನೀಲಿ ಸಮುದ್ರ, ಬಂದರಿನಲ್ಲಿ ತಾಮ್ರಕ್ಕಾಗಿ ಕಾದು ನಿಂತ ಹಡಗುಗಳು. ಊರಿನ ಉತ್ತರಕ್ಕೆ ಅಲೆಗಳು ಕೊರೆದು ನಿಲ್ಲಿಸಿರುವ ಲಾ ಪೋರ್ತಾದಾ ಎಂಬ ಕಲ್ಲಿನ ಕಮಾನು. ಫೋಟೋ ತೆಗೆಸಿಕೊಳ್ಳುವವರೆಲ್ಲ ಅಲ್ಲಿಗೇ ಹೋಗುತ್ತಾರೆ. ಆದರೆ ಹಿಂದಿರುಗಿ ನೋಡಿದರೆ ಹುಲ್ಲುಕಡ್ಡಿಯೂ ಇಲ್ಲದ ಕಂದು ಗುಡ್ಡಗಳು. ಗುಡ್ಡದಾಚೆ ಅಟಕಾಮಾ ಮರುಭೂಮಿ, ಜಗತ್ತಿನ ಅತ್ಯಂತ ಒಣ ನೆಲಗಳಲ್ಲಿ ಒಂದು.

ಸಮುದ್ರದ ಪಕ್ಕದಲ್ಲೇ ಇಷ್ಟು ಒಣಗಿದ ನೆಲವೇಕೆ? ದಕ್ಷಿಣ ಧ್ರುವದ ಕಡೆಯಿಂದ ಹರಿದುಬರುವ ಹಂಬೋಲ್ಟ್ ಎಂಬ ತಣ್ಣನೆಯ ಪ್ರವಾಹ ಈ ದಂಡೆಯನ್ನು ಉಜ್ಜಿಕೊಂಡೇ ಸಾಗುತ್ತದೆ. ತಣ್ಣೀರಿನ ಮೇಲಿನ ಗಾಳಿಯೂ ತಣ್ಣಗಿದ್ದು ಮೇಲೇರುವುದಿಲ್ಲ. ಮೇಲೇರದ ಗಾಳಿಯಲ್ಲಿ ಮಳೆಮೋಡ ಕಟ್ಟುವುದಿಲ್ಲ. ಪೂರ್ವದಲ್ಲಿ ಅಮೆಜಾನ್ ಕಡೆಯಿಂದ ಬರುವ ತೇವವನ್ನು ಆಂಡೀಸ್ ಪರ್ವತಗಳು ತಡೆದು ಆಚೆಯ ಮಗ್ಗುಲಲ್ಲೇ ಇಳಿಸಿಬಿಡುತ್ತವೆ. ಹೀಗಾಗಿ ಆಂಟೊಫಾಗಾಸ್ಟಾದಲ್ಲಿ ವರ್ಷಕ್ಕೆ ಬೀಳುವ ಮಳೆ ಕೆಲವೇ ಮಿಲಿಮೀಟರು. ಬೆಳಗಿನ ಹೊತ್ತು ಕಮಾಂಚಾಕಾ ಎನ್ನುವ ಮಂಜು ಗುಡ್ಡಗಳನ್ನು ಸವರಿ ಹೋಗುತ್ತದೆ, ಅಷ್ಟೆ. ಇಂಥ ಊರಿನಲ್ಲಿ 1991ರ ಜೂನ್ ತಿಂಗಳ ಒಂದು ರಾತ್ರಿ ಕೆಲವು ಗಂಟೆಗಳಲ್ಲಿ 40 ಮಿಲಿಮೀಟರಿನಷ್ಟು ಮಳೆ ಸುರಿದು, ಗುಡ್ಡಗಳಿಂದ ಕೆಸರು ಇಳಿದು, ಸುಮಾರು 90 ಮಂದಿ ಸತ್ತರು. ನೀರಿಲ್ಲದ ಊರಿಗೆ ನೀರೇ ಶತ್ರುವಾದ ಆ ರಾತ್ರಿಯನ್ನು ಇಲ್ಲಿಯವರು ಮರೆತಿಲ್ಲ. ಆದರೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಜೀವಗಳನ್ನು ತೆಗೆದ ನೀರು ಸದ್ದಿಲ್ಲದೆ, ನಲ್ಲಿಯಲ್ಲಿ, ಹನ್ನೆರಡು ವರ್ಷ ಹರಿದಿತ್ತು. ಆ ನೀರು ಬಂದ ದಾರಿಯನ್ನು ಹಿಡಿದು ಮೇಲಕ್ಕೆ ಹೊರಟರೆ ಈ ನಾಡಿನ ಕಥೆಯೆಲ್ಲ ಸಿಕ್ಕುತ್ತದೆ.

ಈ ಊರು ಮೊದಲು ಬೊಲಿವಿಯಾ ದೇಶಕ್ಕೆ ಸೇರಿತ್ತು. ಮರುಭೂಮಿಯಲ್ಲಿ ಸಿಕ್ಕ, ಗೊಬ್ಬರಕ್ಕೂ ಸಿಡಿಮದ್ದಿಗೂ ಬೇಕಾದ ನೈಟ್ರೇಟ್ ಎಲ್ಲರ ಕಣ್ಣು ಕುಕ್ಕಿತು. ನೈಟ್ರೇಟಿನ ಮೇಲೆ ಬೊಲಿವಿಯಾ ಹಾಕಿದ ಹತ್ತು ಸೆಂಟಿನ ತೆರಿಗೆಯ ಜಗಳ ಬೆಳೆದು 1879ರ ಫೆಬ್ರವರಿಯಲ್ಲಿ ಚಿಲಿಯ ಸೈನ್ಯ ಇಲ್ಲಿ ಇಳಿಯಿತು. ಯುದ್ಧ ಮುಗಿಯುವ ಹೊತ್ತಿಗೆ ಬೊಲಿವಿಯಾ ತನ್ನ ಕಡಲತೀರವನ್ನೆಲ್ಲ ಕಳೆದುಕೊಂಡಿತ್ತು. ಆ ಕಾಲದಲ್ಲಿ ಇಲ್ಲಿ ಕುಡಿಯುವ ನೀರೆಂದರೆ ಕಲ್ಲಿದ್ದಲು ಉರಿಸಿ ಬಟ್ಟಿ ಇಳಿಸಿದ ಸಮುದ್ರದ ನೀರು. ನೈಟ್ರೇಟ್ ಗಣಿಯ ಹೇಸರಗತ್ತೆಗಳಿಗೂ ನೀರು ಬೇಕಲ್ಲ? ಬಂದರಿನಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಒಳಗೆ ಲಾಸ್ ಸಾಲಿನಾಸ್ ಎಂಬಲ್ಲಿ 1872ರಲ್ಲಿ ಚಾರ್ಲ್ಸ್ ವಿಲ್ಸನ್ ಎಂಬ ಇಂಜಿನಿಯರು ಒಂದು ಸೊಗಸಾದ ಉಪಾಯ ಮಾಡಿದ. ಮರದ ತೊಟ್ಟಿಗಳಲ್ಲಿ ಉಪ್ಪುನೀರು ನಿಲ್ಲಿಸಿ, ಮೇಲೆ ಇಳಿಜಾರಾಗಿ ಗಾಜು ಹೊದಿಸಿ, ಬಿಸಿಲಿಗೆ ಬಿಟ್ಟ. ಆವಿಯಾದ ನೀರು ಗಾಜಿನ ಒಳಮೈಗೆ ಹನಿಗಟ್ಟಿ ಅಂಚಿನ ದೋಣಿಗೆ ಇಳಿಯುತ್ತಿತ್ತು. ಸುಮಾರು ಒಂದು ಎಕರೆಗೂ ಮೀರಿದ ಗಾಜಿನ ಚಾವಣಿಯ ಆ ಕಾರ್ಖಾನೆ ದಿನಕ್ಕೆ 20,000 ಲೀಟರಿಗೂ ಹೆಚ್ಚು ಸಿಹಿನೀರು ಕೊಡುತ್ತಿತ್ತು. ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ತೋರಿಸುವ ಬಾಷ್ಪೀಕರಣ, ಸಾಂದ್ರೀಕರಣಗಳೇ ಅಲ್ಲಿ ಗತ್ತೆಗಳ ದಾಹ ತೀರಿಸಿದವು. ಒಂದು ಮಾತು ಇಲ್ಲೇ ಹೇಳಿಬಿಡಬೇಕು: ಬಟ್ಟಿ ಇಳಿಸಿದ ಆ ನೀರಿನಲ್ಲಿ ಉಪ್ಪೂ ಇರಲಿಲ್ಲ, ವಿಷವೂ ಇರಲಿಲ್ಲ.

ಮುಂದೆ ಬ್ರಿಟಿಷ್ ಬಂಡವಾಳದ ರೈಲ್ವೆ ಕಂಪನಿ ಬಂತು. ಬಂದರಿನಿಂದ ಬೊಲಿವಿಯಾಕ್ಕೆ ಹಳಿ ಹಾಕಿತು. ಉಗಿಬಂಡಿಗೆ ನೀರು ಬೇಕು. ಹಳಿಯ ಜತೆಗೇ ಆಂಡೀಸಿನಿಂದ ಕೊಳವೆಯೂ ಇಳಿಯಿತು. 1908ರಲ್ಲಿ ಬೊಲಿವಿಯಾ ಗಡಿಯೊಳಗಿನ ಸಿಲಾಲಾ ಒರತೆಗಳ ನೀರನ್ನು ಬಳಸಲು ಕಂಪನಿ ಅನುಮತಿ ಪಡೆಯಿತು. ಆ ಒರತೆಗಳ ಜಗಳ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲು ಹತ್ತಿ 2022ರ ಡಿಸೆಂಬರಿನಲ್ಲಷ್ಟೆ ಮುಗಿಯಿತು ಎಂದರೆ ಇಲ್ಲಿ ನೀರಿಗಿರುವ ಬೆಲೆ ತಿಳಿಯುತ್ತದೆ.

ಊರು ಬೆಳೆಯಿತು, ನೀರು ಸಾಲದಾಯಿತು. ಸರ್ಕಾರ ಆಂಡೀಸಿನ ತಪ್ಪಲಲ್ಲಿ ಹುಡುಕಿ ಟೊಕೊನ್ಸೆ ಎಂಬ ಹೊಳೆಯನ್ನು ಆರಿಸಿತು. ಸುಮಾರು 300 ಕಿಲೋಮೀಟರ್ ಕೊಳವೆ ಹಾಕಿ 1958ರಲ್ಲಿ ಆ ನೀರನ್ನು ಆಂಟೊಫಾಗಾಸ್ಟಾಕ್ಕೆ ತಂದರು. ಸ್ವಚ್ಛವಾದ ನೀರು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲಿ ದೋಷವಿಲ್ಲ. ಬಾಯಾರಿದ ಊರಿಗೆ ಅದು ಅಮೃತವೇ ಆಗಿ ಕಂಡಿರಬೇಕು.

ಆ ನೀರಿನ ಒಂದೊಂದು ಲೀಟರಿನಲ್ಲಿ ಸುಮಾರು 860 ಮೈಕ್ರೋಗ್ರಾಂ ಆರ್ಸೆನಿಕ್ ಇತ್ತು. ನಮ್ಮ ಹಳೆಯ ವೈದ್ಯರು ಶಂಖಪಾಷಾಣ ಎನ್ನುತ್ತಿದ್ದ ಬಿಳಿ ಪುಡಿಯಲ್ಲಿರುವುದು ಇದೇ ಮೂಲವಸ್ತು. ಅದಕ್ಕೆ ಮುಂಚಿನ ನೀರಿನಲ್ಲಿ ಇದ್ದುದು ಸುಮಾರು 90. ಇಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 10. 1958ರಲ್ಲಿ ಅದೇ ಸಂಸ್ಥೆಯ ಮಿತಿ 200 ಇತ್ತು ಎಂಬುದನ್ನೂ ನೆನೆಯಬೇಕು. ಅಷ್ಟು ಸಡಿಲವಾದ ಗೆರೆಯನ್ನೂ ಟೊಕೊನ್ಸೆಯ ನೀರು ನಾಲ್ಕು ಪಟ್ಟು ದಾಟಿತ್ತು. ಅಳೆದಿದ್ದರೆ ಸಿಗುತ್ತಿತ್ತು ಎಂದು ಈಗ ಹೇಳುವುದು ಸುಲಭ.

ಒಂದು ಸಣ್ಣ ಲೆಕ್ಕ. ಮರುಭೂಮಿಯ ಮನುಷ್ಯ ದಿನಕ್ಕೆ 2 ಲೀಟರ್ ನೀರು ಕುಡಿದ ಎನ್ನೋಣ. ಚಹ, ಹುರುಳಿಕಾಳಿನ ಸಾರು, ಮಾಂಸ ತರಕಾರಿ ಬೇಯಿಸಿದ ಕಸುವೇಲಾ, ಎಲ್ಲಕ್ಕೂ ಅದೇ ನೀರು. ದಿನಕ್ಕೆ 1.72 ಮಿಲಿಗ್ರಾಂ ಆರ್ಸೆನಿಕ್ ಒಳಗೆ ಹೋಯಿತು. ಹನ್ನೆರಡು ವರ್ಷಕ್ಕೆ ಏಳೂವರೆ ಗ್ರಾಂ. ಒಟ್ಟಿಗೆ ಕೊಟ್ಟರೆ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಮುಗಿಸಬಲ್ಲ ಪ್ರಮಾಣ ಅದು. ದೇಹ ಅದನ್ನು ದಿನದಿನವೂ ಹೊರಹಾಕುತ್ತಿದ್ದುದರಿಂದ ಜನ ಬದುಕಿದರು. ‘ನೀರು ಕುದಿಸಿ ಕುಡಿಯಿರಿ’ ಎಂಬ ಬುದ್ಧಿವಾದ ಇಲ್ಲಿ ನಡೆಯುವುದಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆ. ಆರ್ಸೆನಿಕ್ ಸಾಯುವ ಜಾತಿಯದಲ್ಲ. ನೀರು ಆವಿಯಾಗಿ ಹೋದಷ್ಟೂ ಪಾತ್ರೆಯಲ್ಲಿ ಉಳಿದದ್ದು ಗಟ್ಟಿಯಾಗುತ್ತದೆ. ಹೊತ್ತು ಹಿಡಿದು ಕುದಿಸಿದ ಸಾರಿನಲ್ಲಿ ನಲ್ಲಿಯ ನೀರಿಗಿಂತ ಹೆಚ್ಚೇ ವಿಷ.

ನಗರ ಬಿಟ್ಟು ಗುಡ್ಡ ಹತ್ತಿದರೆ ಸಾಲಾರ್ ದೆಲ್ ಕಾರ್ಮೆನ್ ಎಂಬ ಉಪ್ಪಿನ ಬಯಲು. ಪ್ರವಾಸಿಗಳು ಇಲ್ಲಿ ಬಸ್ಸು ನಿಲ್ಲಿಸುವುದಿಲ್ಲ. ನಿಲ್ಲಿಸಬೇಕಾದ ಜಾಗ ಮಾತ್ರ ಇದೇ. 1970ರಲ್ಲಿ ಆರ್ಸೆನಿಕ್ ತೆಗೆಯುವ ದೊಡ್ಡ ನೀರು ಶುದ್ಧೀಕರಣ ಘಟಕವನ್ನು ಇಲ್ಲಿ ಕಟ್ಟಿದರು. ಅದಕ್ಕೆ ಕಾರಣವಾದದ್ದು ಮಕ್ಕಳು. 1960ರ ದಶಕದಲ್ಲಿ ಊರಿನ ವೈದ್ಯರ ಬಳಿಗೆ ವಿಚಿತ್ರ ಚರ್ಮರೋಗದ ಮಕ್ಕಳು ಬರತೊಡಗಿದರು. ಮೈಮೇಲೆ ಕಪ್ಪು ಬಿಳಿ ಚುಕ್ಕೆ, ಅಂಗೈ ಅಂಗಾಲಿನಲ್ಲಿ ಗಂಟುಗಂಟಾಗಿ ದಪ್ಪಗಾದ ಚರ್ಮ. ಕೆಲವು ಮಕ್ಕಳು ಹೃದಯಾಘಾತದಿಂದ ಸತ್ತರು. ಮುದುಕರ ಕಾಯಿಲೆ ಹಸುಳೆಗಳಿಗೆ! ಶವಪರೀಕ್ಷೆ ಮಾಡಿದಾಗ ಎಳೆಯ ರಕ್ತನಾಳಗಳ ಗೋಡೆ ದಪ್ಪಗಟ್ಟಿ ದಾರಿ ಮುಚ್ಚಿತ್ತು. ಕೂದಲಲ್ಲಿ ಉಗುರಲ್ಲಿ ಆರ್ಸೆನಿಕ್ ಸಿಕ್ಕಿತು. ಕೂದಲು ಉಗುರುಗಳ ಕೆರಾಟಿನ್ ಎಂಬ ಪ್ರೋಟೀನಿನಲ್ಲಿ ಗಂಧಕ ಹೇರಳ. ಆರ್ಸೆನಿಕ್ಕಿಗೆ ಗಂಧಕವೆಂದರೆ ಬಲು ಪ್ರೀತಿ. ಬೆರಳು ನಲ್ಲಿಯ ಕಡೆಗೆ ತೋರಿಸಿತು.

ಘಟಕದ ಕೆಲಸ ಸರಳ ರಸಾಯನಶಾಸ್ತ್ರ. ನೀರಿಗೆ ಕಬ್ಬಿಣದ ಕ್ಲೋರೈಡ್ ಬೆರೆಸುತ್ತಾರೆ. ಅದು ಕಂದುಬಣ್ಣದ ಹತ್ತಿಯಂಥ ಗಸಿಯಾಗುತ್ತದೆ. ಆರ್ಸೆನಿಕ್ ಅದಕ್ಕೆ ಅಂಟಿಕೊಳ್ಳುತ್ತದೆ. ಗಸಿ ತಳಕ್ಕೆ ಇಳಿದ ಮೇಲೆ ನೀರನ್ನು ಮರಳಿನಲ್ಲಿ ಸೋಸುತ್ತಾರೆ. ಮಟ್ಟ 860ರಿಂದ 110ರ ಆಸುಪಾಸಿಗೆ ಇಳಿಯಿತು. ಮುಂದೆ ಸುಧಾರಿಸುತ್ತ 1990ರ ಹೊತ್ತಿಗೆ 40ರ ಹತ್ತಿರ ಬಂತು. 2003ರಲ್ಲಿ ನಗರ ಮತ್ತೆ ಸಮುದ್ರದ ಕಡೆ ತಿರುಗಿತು. ಉಪ್ಪು ತೆಗೆಯುವ ಹೊಸ ಘಟಕ ಶುರುವಾಯಿತು. ಇಂದು ಊರಿನ ಬಹುಪಾಲು ಕುಡಿಯುವ ನೀರು ಸಮುದ್ರದ್ದೇ. ಗತ್ತೆಗಳ ಕಾಲದಲ್ಲಿ ಶುರುವಾದಲ್ಲಿಗೇ ಊರು ಬಂದು ನಿಂತಿದೆ, ಕಲ್ಲಿದ್ದಲಿನ ಬದಲು ಈಗ ವಿದ್ಯುತ್ತು.

1970ರ ನಂತರ ಮಕ್ಕಳ ಚರ್ಮ ತಿಳಿಯಾಗುತ್ತ ಬಂತು. ಕಥೆ ಮುಗಿಯಿತೆಂದೇ ಎಲ್ಲರೂ ತಿಳಿದರು.

ಸಾಲಾರ್ ದಾಟಿದ ಮೇಲೆ ಹೆದ್ದಾರಿ ಈಶಾನ್ಯಕ್ಕೆ ಓಡುತ್ತದೆ. ಎರಡೂ ಕಡೆ ಪಂಪಾ ಎಂಬ ಬೋಳು ಬಯಲು. ಹಳೆಯ ಉಗಿಬಂಡಿಗಳು ತುಕ್ಕು ಹಿಡಿದು ನಿಂತಿರುವ ಬಾಕೆದಾನೊ, ನೈಟ್ರೇಟ್ ಕಾಲ ಮುಗಿದು ಹಾಳುಬಿದ್ದ ಚಕಾಬುಕೊ. 1973ರ ಸೈನಿಕ ಕ್ರಾಂತಿಯ ಮೇಲೆ ಚಕಾಬುಕೊವನ್ನು ಸೆರೆಶಿಬಿರ ಮಾಡಿದ್ದರು. ಇಲ್ಲೆಲ್ಲ ಬಾವಿಯಿಲ್ಲ, ಕೆರೆಯಿಲ್ಲ. ಈ ಬರಡುತನವೇ ವಿಜ್ಞಾನಿಗಳಿಗೆ ಒದಗಿ ಬಂದದ್ದು ಸೋಜಿಗ. ಬೇರೆ ದೇಶಗಳಲ್ಲಿ ಒಬ್ಬೊಬ್ಬರ ಮನೆಯ ನೀರು ಒಂದೊಂದು ಬಗೆ. ಯಾರು ಎಷ್ಟು ವಿಷ ಕುಡಿದರೆಂದು ಕಂಡುಹಿಡಿಯುವುದು ಕಷ್ಟ. ಇಲ್ಲಿ ಊರಿಗೊಂದೇ ಕೊಳವೆ. ಶ್ರೀಮಂತನೂ ಹಮಾಲಿಯೂ ಕುಡಿದದ್ದು ಒಂದೇ ನೀರು. ಯಾವ ವರ್ಷ ಯಾವ ಊರಿನಲ್ಲಿದ್ದಿರಿ ಎಂದು ಕೇಳಿದರೆ ಸಾಕು, ಪ್ರಮಾಣ ತಾನಾಗಿ ಸಿಗುತ್ತದೆ.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಅಲನ್ ಸ್ಮಿತ್ ಮತ್ತು ಚಿಲಿಯ ಸಂಶೋಧಕರು ಮರಣದ ದಾಖಲೆಗಳನ್ನು ತೆರೆದು ಕೂತರು. 1989ರಿಂದ 1993ರವರೆಗಿನ ಲೆಕ್ಕ 1998ರಲ್ಲಿ ಪ್ರಕಟವಾಯಿತು. ದೇಶದ ಉಳಿದ ಭಾಗದ ಲೆಕ್ಕದಲ್ಲಿ ನಿರೀಕ್ಷಿಸಬೇಕಾದ್ದಕ್ಕಿಂತ ಈ ಪ್ರಾಂತದಲ್ಲಿ ಮೂತ್ರಕೋಶದ ಕ್ಯಾನ್ಸರಿನಿಂದ ಸತ್ತ ಗಂಡಸರು 6 ಪಟ್ಟು, ಹೆಂಗಸರು 8 ಪಟ್ಟು. ಪುಪ್ಪುಸದ ಕ್ಯಾನ್ಸರ್ ಕೂಡ ಮೂರು ಪಟ್ಟು ಮೀರಿತ್ತು. 30 ವರ್ಷ ದಾಟಿದವರ ಸಾವುಗಳಲ್ಲಿ ನೂರಕ್ಕೆ 7 ಆರ್ಸೆನಿಕ್ಕಿನ ಲೆಕ್ಕಕ್ಕೆ ಹೋಗಬಹುದೆಂದು ಅವರು ಅಂದಾಜು ಮಾಡಿದರು. ನೀರು ಶುದ್ಧವಾಗಿ ಇಪ್ಪತ್ತು ವರ್ಷವಾದ ಮೇಲಿನ ಮಾತು ಇದು! ಇನ್ನೂ ಹೆಚ್ಚು ವರ್ಷಗಳ ದಾಖಲೆ ಹಿಡಿದು ನೋಡಿದಾಗ, ಸಾವು ತುತ್ತತುದಿಗೆ ಏರಿದ್ದು 1986ರಿಂದ 1997ರ ನಡುವೆ ಎಂದು ತಿಳಿಯಿತು. ದಕ್ಷಿಣದ ವಾಲ್ಪರೈಸೊ ಪ್ರಾಂತಕ್ಕೆ ಹೋಲಿಸಿದರೆ ಹೆಂಗಸರಲ್ಲಿ ಹೆಚ್ಚುಕಡಿಮೆ 14 ಪಟ್ಟು. 2013ರಲ್ಲಿ ಬಂದ ವರದಿಯಂತೆ, ಆ ನೀರು ನಿಂತು 40 ವರ್ಷವಾದರೂ ಅದನ್ನು ಕುಡಿದವರಿಗೆ ಮೂತ್ರಕೋಶದ ಕ್ಯಾನ್ಸರಿನ ಸಂಭವ ಇತರರಿಗಿಂತ ಸುಮಾರು ಏಳು ಪಟ್ಟು. ಬೀಡಿ ಸಿಗರೇಟು ಸೇದುವವರಿಗಂತೂ ಎರಡೂ ಸೇರಿ ಅಪಾಯ ಬೆಳೆಯುತ್ತಿತ್ತು.

ಮೂತ್ರಕೋಶಕ್ಕೇ ಏಕೆ ಈ ಶಿಕ್ಷೆ? ಕುಡಿದ ಆರ್ಸೆನಿಕ್ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಯಕೃತ್ತಿಗೆ ಹೋಗುತ್ತದೆ. ಯಕೃತ್ತು ಅದಕ್ಕೆ ಮೀಥೈಲ್ ಗುಂಪುಗಳನ್ನು ಅಂಟಿಸಿ ಹೊರಹಾಕಲು ಹದಮಾಡುತ್ತದೆ. ಈ ಹದದ ನಡುವಿನ ಕೆಲವು ರೂಪಗಳು ಮೂಲಕ್ಕಿಂತ ಕೆಟ್ಟವು. ಮೂತ್ರಪಿಂಡ ಸೋಸಿ ಕೊಟ್ಟದ್ದು ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ದೇಹದ ಉಳಿದ ಭಾಗಗಳಲ್ಲಿ ಹರಿದುಹೋಗುವ ವಿಷ ಇಲ್ಲಿ ತಂಗುತ್ತದೆ; ಒಳಪದರದ ಕೋಶಗಳು ಅದರಲ್ಲಿ ನೆನೆಯುತ್ತವೆ.

ಹಾಗಾದರೆ ನೀರನ್ನು ಹೆಚ್ಚು ಕುಡಿದು ಮೂತ್ರವನ್ನು ತೆಳುವಾಗಿಸಿದರೆ, ಮತ್ತೆ ಮತ್ತೆ ಹೊರಹಾಕಿದರೆ ಒಳ್ಳೆಯದಲ್ಲವೆ ಎಂದು ಯಾರಿಗಾದರೂ ಅನಿಸುತ್ತದೆ. ಅಮೆರಿಕದಲ್ಲಿ ಇದನ್ನೇ ಪರೀಕ್ಷಿಸಿದರು. ದಂತವೈದ್ಯರು, ಔಷಧ ವ್ಯಾಪಾರಿಗಳು ಮುಂತಾದ 47,909 ಗಂಡಸರನ್ನು ಹತ್ತು ವರ್ಷ ಗಮನಿಸಿದರು. 252 ಮಂದಿಗೆ ಮೂತ್ರಕೋಶದ ಕ್ಯಾನ್ಸರ್ ಬಂತು. ದಿನಕ್ಕೆ ಎರಡೂವರೆ ಲೀಟರಿಗಿಂತ ಹೆಚ್ಚು ದ್ರವ ಕುಡಿದವರಲ್ಲಿ, ಒಂದೂಕಾಲು ಲೀಟರಿನಷ್ಟು ಕುಡಿದವರಿಗಿಂತ ಕಾಯಿಲೆ ಸುಮಾರು ಅರ್ಧದಷ್ಟೇ. 1999ರಲ್ಲಿ ಈ ಸುದ್ದಿ ಬಂದಾಗ ಪತ್ರಿಕೆಗಳೆಲ್ಲ ನೀರು ಕುಡಿಯಿರಿ ಎಂದು ಬರೆದವು. ಮುಂದೆ ಬೇರೆಡೆ ನಡೆದ ಅಧ್ಯಯನಗಳು ಒಂದೇ ಮಾತು ಹೇಳಲಿಲ್ಲ. ಕೆಲವು ಕಡೆ ನಂಟೇ ಕಾಣಲಿಲ್ಲ. ಕೆಲವು ಕಡೆ ನಲ್ಲಿನೀರು ಹೆಚ್ಚು ಕುಡಿದವರಿಗೇ ಕಾಯಿಲೆ ಹೆಚ್ಚು ಕಂಡಿತು, ಕ್ಲೋರಿನ್ ಹಾಕಿದಾಗ ಹುಟ್ಟುವ ವಸ್ತುಗಳ ಮೇಲೆ ಅನುಮಾನ ಬಿತ್ತು. ಲೋಟಗಳನ್ನು ಮಾತ್ರ ಎಣಿಸಿ ಲೋಟದಲ್ಲಿದ್ದುದನ್ನು ಎಣಿಸದೆ ಹೋದರೆ ಹೀಗೇ ಆಗುವುದು. 1960ರ ಆಂಟೊಫಾಗಾಸ್ಟಾದಲ್ಲಿ ವೈದ್ಯರ ಮಾತು ಕೇಳಿ ದಿನಕ್ಕೆ ಎರಡು ಲೋಟ ಹೆಚ್ಚು ಕುಡಿದವನು ಎರಡು ಲೋಟ ಪಾಷಾಣವನ್ನೇ ಹೆಚ್ಚು ಕುಡಿದ.

ಈ ದಾಖಲೆಗಳಲ್ಲೇ ಇನ್ನೊಂದು ವಿಚಿತ್ರವೂ ಸಿಕ್ಕಿತು. ವಿಷದ ನೀರು ಹರಿದ ಆ ಹನ್ನೆರಡು ವರ್ಷಗಳಲ್ಲಿ ಹೆಂಗಸರ ಸ್ತನ ಕ್ಯಾನ್ಸರಿನ ಸಾವು ಅರ್ಧಕ್ಕೆ ಇಳಿದಿತ್ತು! 2014ರಲ್ಲಿ ಇದನ್ನು ಪ್ರಕಟಿಸಿದರು. ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಇಂದು ಆರ್ಸೆನಿಕ್ಕೇ ಮದ್ದು ಎಂಬುದನ್ನು ನೆನೆದರೆ ಇದು ತೀರ ಅಸಂಭವವೂ ಅಲ್ಲ. ಹಾಗೆಂದು ಯಾರೂ ಆ ನೀರನ್ನು ಮತ್ತೆ ಬಯಸಿಲ್ಲ.

ಕಾಲಾಮಾ ಊರಿಗೆ ಬರುವ ಹೊತ್ತಿಗೆ ಎರಡು ಸಾವಿರ ಮೀಟರಿಗೂ ಮೇಲೆ ಏರಿಯಾಗಿರುತ್ತದೆ. ಪಕ್ಕದಲ್ಲಿ ಚುಕಿಕಮಾತಾ ತಾಮ್ರದ ಗಣಿ, ನೆಲಕ್ಕೆ ತೋಡಿದ ಬೃಹತ್ ಬೋಗುಣಿ. ಇಲ್ಲಿಂದ ಪೂರ್ವಕ್ಕೆ, ಲೋವಾ ನದಿ ದಾಟಿ, ಮತ್ತೂ ಏರಿದರೆ ಟೊಕೊನ್ಸೆ ಹಳ್ಳಿ. ಕಲ್ಲಿನ ಮನೆಗಳು, ಕಣಿವೆಯ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾದ ಹೊಲಗಳು. ಇಲ್ಲಿಯವರು ಅಟಕಾಮೆನ್ಯೊ ಎಂಬ ಮೂಲನಿವಾಸಿಗಳು. ಕೆಳಗಿನ ನಗರಕ್ಕೆ ಕೊಳವೆ ಹೋದ ಮೇಲೆ ಇವರ ಹೊಳೆ ಸಣ್ಣದಾಯಿತು. ನೀರು ಸರಬರಾಜು ಕಂಪನಿಯ ಮೇಲಿನ ಇವರ ದಾವೆಯಲ್ಲಿ 2004ರಲ್ಲಿ ಚಿಲಿಯ ಸರ್ವೋಚ್ಚ ನ್ಯಾಯಾಲಯ ಈ ಹೊಳೆಯ ಮೇಲೆ ಇವರಿಗಿರುವ ಪರಂಪರೆಯ ಹಕ್ಕನ್ನು ಒಪ್ಪಿತು. ಕಳೆದುಕೊಂಡವರಿಗೂ ಪಡೆದುಕೊಂಡವರಿಗೂ ಆ ಕೊಳವೆ ಸುಖ ಕೊಡಲಿಲ್ಲ.

ಈ ಬೆಟ್ಟಗಳ ಜನ ಸಾವಿರಾರು ವರ್ಷಗಳಿಂದ ಇಂಥ ನೀರನ್ನೇ ಕುಡಿದವರು. ಬಲು ಉತ್ತರದಲ್ಲಿ, ಅರಿಕಾ ನಗರದ ದಕ್ಷಿಣಕ್ಕಿರುವ ಕಾಮರೋನೆಸ್ ಕಣಿವೆಯ ಹೊಳೆಯಲ್ಲಿ ಲೀಟರಿಗೆ 1,000 ಮೈಕ್ರೋಗ್ರಾಂ ಆರ್ಸೆನಿಕ್ ಇದೆ. ಅಲ್ಲಿನ ಚಿಂಚೊರೊ ಜನ ಏಳು ಸಾವಿರ ವರ್ಷಗಳ ಹಿಂದೆ, ಈಜಿಪ್ಟಿನವರಿಗೂ ಮೊದಲೇ, ಸತ್ತ ಶಿಶುಗಳನ್ನು ಮಮ್ಮಿ ಮಾಡಿ ಇಟ್ಟರು. ಆರ್ಸೆನಿಕ್ಕಿನಿಂದ ಗರ್ಭಪಾತ, ಶಿಶುಮರಣ ಹೆಚ್ಚಿದ್ದುದೇ ಈ ಪದ್ಧತಿಗೆ ಕಾರಣವಿರಬಹುದೆಂದು ಬೆರ್ನಾರ್ದೊ ಅರಿಯಾಸಾ ಎಂಬ ವಿದ್ವಾಂಸರು ಊಹಿಸಿದ್ದಾರೆ. ಇಂದು ಆ ಕಣಿವೆಯವರಲ್ಲಿ ಆರ್ಸೆನಿಕ್ಕನ್ನು ಬೇಗ ಹದಮಾಡಿ ಹೊರಹಾಕುವ ಜೀನ್ ರೂಪ ಹೆಚ್ಚಾಗಿ ಕಾಣುತ್ತದೆ. ತಾಳಿಕೊಳ್ಳಲಾರದವರು ಸಂತಾನ ಬಿಡದೆ ಹೋದರು, ತಾಳಿಕೊಂಡವರ ಮಕ್ಕಳು ಉಳಿದರು. ಆಂಟೊಫಾಗಾಸ್ಟಾಕ್ಕೆ ಅಂಥ ಏಳು ಸಾವಿರ ವರ್ಷಗಳ ಕಾಲಾವಕಾಶ ಸಿಕ್ಕಿರಲಿಲ್ಲ.

ಆರ್ಸೆನಿಕ್ ಆಂಡೀಸಿನ ಸೊತ್ತೇನಲ್ಲ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಕಿರದಳ್ಳಿ ತಾಂಡಾ ಎಂಬ ಲಂಬಾಣಿ ಜನರ ವಸತಿಯಿದೆ. ಹತ್ತಿರದಲ್ಲೇ ಮುಚ್ಚಿಹೋದ ಮಂಗಳೂರು ಚಿನ್ನದ ಗಣಿ. ಇದು ಕಡಲತೀರದ ಮಂಗಳೂರಲ್ಲ. ಚಿನ್ನದ ಅದಿರಿನ ಜತೆ ಆರ್ಸೆನಿಕ್ ಖನಿಜವೂ ಇರುವುದು ವಾಡಿಕೆ. ತಾಂಡಾದ ಕೊಳವೆಬಾವಿಯ ನೀರು ಕುಡಿದವರ ಅಂಗೈ ಅಂಗಾಲುಗಳಲ್ಲಿ ಅದೇ ಗಂಟು, ಮೈಮೇಲೆ ಅದೇ ಚುಕ್ಕೆ ಕಂಡುಬಂದವು. ಅಲ್ಲಿನ ಪರಿಶೀಲನೆಯ ವಿವರ 2013ರಲ್ಲಿ ಪ್ರಕಟವಾಗಿದೆ. ಚರ್ಮದ ಗುರುತು ಬೇಗ ಕಾಣಿಸಿಕೊಳ್ಳುತ್ತದೆ. ಮೂತ್ರಕೋಶದ ಲೆಕ್ಕ ಬರುವುದು ಇಪ್ಪತ್ತು ಮೂವತ್ತು ವರ್ಷ ತಡವಾಗಿ ಎಂಬುದನ್ನು ಆಂಟೊಫಾಗಾಸ್ಟಾ ತೋರಿಸಿಕೊಟ್ಟಿದೆ. ತಾಂಡಾದ ಮಕ್ಕಳ ಹೆಸರನ್ನು ಯಾರಾದರೂ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದರೆ ಒಳ್ಳೆಯದು.

ಟೊಕೊನ್ಸೆಯ ದಕ್ಷಿಣಕ್ಕೆ, ಇನ್ನೂ ಎತ್ತರದಲ್ಲಿ, ಎಲ್ ಟಾಟಿಯೊ. ಸಮುದ್ರಮಟ್ಟದಿಂದ ಸುಮಾರು 4,300 ಮೀಟರ್. ಇದಕ್ಕೆ ಮಾತ್ರ ಪ್ರವಾಸಿಗಳು ಮುಗಿಬೀಳುತ್ತಾರೆ. ಸಾನ್ ಪೆದ್ರೊ ಊರಿನಿಂದ ನಸುಕಿನ ನಾಲ್ಕಕ್ಕೆಲ್ಲ ವ್ಯಾನುಗಳು ಹೊರಡುತ್ತವೆ. ಚಳಿ ಸೊನ್ನೆಗಿಂತ ಕೆಳಗೆ. ಕತ್ತಲಲ್ಲಿ ಎಂಬತ್ತರಷ್ಟು ಬಿಸಿನೀರ ಬುಗ್ಗೆಗಳು ಗುಳುಗುಳು ಎನ್ನುತ್ತಿರುತ್ತವೆ. ಸೂರ್ಯ ಮೂಡುವ ಹೊತ್ತಿಗೆ ಆಳೆತ್ತರದ ಉಗಿಯ ಕಂಬಗಳು ಬೆಟ್ಟದ ತುಂಬ ಎದ್ದು ನಿಲ್ಲುತ್ತವೆ. ಈ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರು 86 ಡಿಗ್ರಿಗೇ ಕುದಿಯುತ್ತದೆ. ನೆಲದಾಳದಲ್ಲಿ ಜ್ವಾಲಾಮುಖಿಯ ಕಾವಿಗೆ ಬಿಸಿಯಾದ ನೀರು ಬಂಡೆಗಳನ್ನು ತೊಳೆದು ಅವುಗಳಲ್ಲಿದ್ದ ಆರ್ಸೆನಿಕ್ಕನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಟೊಕೊನ್ಸೆ ಹೊಳೆ ಹುಟ್ಟುವುದು ಇದರ ನೆರೆಯ ಇಂಥದೇ ನೆಲದಲ್ಲಿ. ಲೋವಾ ನದಿಗೆ ಸೇರುವ ಸಾಲಾದೊ ಹೊಳೆಗೆ ಈ ಬುಗ್ಗೆಗಳ ನೀರೇ ಇಳಿಯುತ್ತದೆ.

ಮಾರ್ಗದರ್ಶಿಗಳು ಬುಗ್ಗೆಯ ಬಿಸಿನೀರಿನಲ್ಲಿ ಮೊಟ್ಟೆ, ಹಾಲಿನ ಪೊಟ್ಟಣ ಇಟ್ಟು ಬಿಸಿಮಾಡಿ ನಾಷ್ಟಾ ಕೊಡುವುದು ಇಲ್ಲಿನ ರೂಢಿಯಾಗಿತ್ತು. ಮೊಟ್ಟೆಗೆ ಚಿಪ್ಪಿದೆ, ಹಾಲಿಗೆ ಪೊಟ್ಟಣವಿದೆ. ಒಂಬತ್ತರ ಹೊತ್ತಿಗೆ ಬಿಸಿಲೇರಿ ಉಗಿ ಕಣ್ಣಿಗೆ ಕಾಣದಂತಾಗುತ್ತದೆ. ಬುಗ್ಗೆಗಳ ಅಂಚಿನಿಂದ ಕಾಲ್ಬೆರಳಷ್ಟು ಅಗಲದ ನೀರಿನ ಎಳೆಗಳು ಬಿಳಿ ಉಪ್ಪಿನ ಮೇಲೆ ಹೊಳೆಯುತ್ತ ಪಶ್ಚಿಮಕ್ಕೆ, ಕೆಳಕ್ಕೆ ಹೊರಡುತ್ತವೆ. ವ್ಯಾನಿಗೆ ಹತ್ತಿದವರು ಬಾಯಾರಿ ಅಂಗಡಿಯಿಂದ ತಂದ ಬಾಟಲಿಯ ಮುಚ್ಚಳ ತಿರುಗಿಸುತ್ತಾರೆ.